214 ಕೋಟಿ ಚಿಲ್ಲರೆಯ ಒಂದು ಸಂಖ್ಯೆ

2,14,74,83,647. ಮೂವತ್ತೊಂದು 2ಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಸಿಗುವ ಸಂಖ್ಯೆ ಇದು. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಇದು ಶೇಷವಿಲ್ಲದೆ ಭಾಗವಾಗುವುದಿಲ್ಲ. ಅಂದರೆ ಅವಿಭಾಜ್ಯ.

ಇವತ್ತು ಮೊಬೈಲ್ ಇದನ್ನು ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಡುತ್ತದೆ. ಆದರೆ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದನ್ನು ಸಾಧಿಸಿ, ಬರ್ನೌಲಿ ಎಂಬ ಇನ್ನೊಬ್ಬ ಗಣಿತಜ್ಞರಿಗೆ ಪತ್ರ ಬರೆಸಿದ್ದು 1772ರಲ್ಲಿ. ಆಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ.

ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡಬಹುದಲ್ವಾ? ನೋಡಬಹುದು. ವರ್ಗಮೂಲದವರೆಗೆ, ಅಂದರೆ 46,340ರವರೆಗೆ ನೋಡಿದರೆ ಸಾಕು. ಆದರೂ ಅಷ್ಟರೊಳಗೆ ಸುಮಾರು 4,800 ಅವಿಭಾಜ್ಯಗಳಿವೆ. ಕೈಲೆಕ್ಕಕ್ಕೆ ಇದು ಜಾಸ್ತಿಯೇ ಆಯಿತು.

ಆಯ್ಲರ್ ಜರಡಿ ಹಿಡಿದರು. ಅದು ಹೇಗೆ ಅಂತ ಚಿಕ್ಕ ಲೆಕ್ಕದಲ್ಲಿ ನೋಡೋಣ. ಹನ್ನೊಂದು 2ಗಳನ್ನು ಗುಣಿಸಿ 1 ಕಳೆದರೆ 2047. ಇದು ಅವಿಭಾಜ್ಯವಲ್ಲ, 23 × 89. ಈಗ 2, 4, 8, 16, 32 ಅಂತ ದುಪ್ಪಟ್ಟು ಮಾಡುತ್ತಾ ಹೋಗಿ, ಪ್ರತಿಯೊಂದನ್ನೂ 23ರಿಂದ ಭಾಗಿಸಿ ಶೇಷ ಮಾತ್ರ ಬರೆಯಿರಿ: 2, 4, 8, 16, 9, 18, 13, 3, 6, 12, 1. ಸರಿಯಾಗಿ ಹನ್ನೊಂದನೇ ಹೆಜ್ಜೆಗೆ 1. ಮುಂದೆ ಇದೇ ಸುತ್ತು ಮತ್ತೆ ಶುರು. ಇತ್ತ ಗಣಿತಜ್ಞ ಫರ್ಮಾನ ನಿಯಮದ ಪ್ರಕಾರ, ಭಾಗಿಸುವುದು 23ರಂಥ ಅವಿಭಾಜ್ಯವಾದರೆ ಅದಕ್ಕಿಂತ ಒಂದು ಕಡಿಮೆಯ, ಅಂದರೆ 22ನೇ ಹೆಜ್ಜೆಯಲ್ಲೂ 1 ಬರಲೇಬೇಕು. ಹಾಗಾಗಿ 22ರಲ್ಲಿ 11ರ ಸುತ್ತುಗಳು ಪೂರ್ತಿ ಕೂರಬೇಕು. 89ರ ಕತೆಯೂ ಅದೇ: 88 ಅಂದರೆ ಎಂಟು ಹನ್ನೊಂದು.

ನಮ್ಮ ದೊಡ್ಡ ಸಂಖ್ಯೆಯಲ್ಲಿ 11ರ ಜಾಗದಲ್ಲಿ 31 ಇದೆ. ಅದನ್ನು ಭಾಗಿಸುವ ಅವಿಭಾಜ್ಯ ಏನಾದರೂ ಇದ್ದರೆ, ಅದರಲ್ಲಿ 1 ಕಳೆದಾಗ 31ರ ಮಗ್ಗಿಯಲ್ಲಿ ಸಿಗಬೇಕು. ಸಮಸಂಖ್ಯೆಯೂ ಆಗಬೇಕಾದ್ದರಿಂದ 62ರ ಮಗ್ಗಿ. ಇನ್ನೊಂದು ಜರಡಿಯೂ ಇದೆ: 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಎರಡರಲ್ಲೂ ಸೋಸಿದರೆ ಉಳಿಯುವ ಅವಿಭಾಜ್ಯಗಳು ಎಂಬತ್ತರ ಆಸುಪಾಸು. ಅಷ್ಟನ್ನು ಭಾಗಿಸಿ ನೋಡಿದರಾಯಿತು. ಒಂದೂ ಹೊಂದಲಿಲ್ಲ.

ನಮ್ಮ ದೊಡ್ಡ ಸಂಖ್ಯೆಯನ್ನು ಮೂವತ್ತು ಸಲ ದುಪ್ಪಟ್ಟು ಮಾಡಿದರೆ 19 ಅಂಕಿಗಳ ಒಂದು ಪರಿಪೂರ್ಣ ಸಂಖ್ಯೆ ಬರುತ್ತದೆ. 6 = 1 + 2 + 3 ಇದ್ದಂತೆ, ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ ತಾನೇ ಬರುವ ಜಾತಿಯದು. ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು, ಸುಮ್ನೆ ಕುತೂಹಲದ ವಸ್ತು, ಉಪಯೋಗವಿಲ್ಲ ಅಂತ ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ 1811ರಲ್ಲಿ ಬರೆದುಬಿಟ್ಟರು. ಪಾಪ, 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಲೂಕಾಸ್ 39 ಅಂಕಿಗಳ ಅವಿಭಾಜ್ಯವನ್ನೇ ಹಿಡಿದರು. ಅದರಿಂದ ಬರುವ ಪರಿಪೂರ್ಣ ಸಂಖ್ಯೆ ಇನ್ನೆಷ್ಟು ದೊಡ್ಡದಿರಬೇಕು!

ಉಪಯೋಗದ ಮಾತಿಗೆ ಬಂದರೆ, ಹಳೆಯ ಕಂಪ್ಯೂಟರುಗಳು ಒಂದು ಸಂಖ್ಯೆಗೆ 32 ಬಿಟ್ ಜಾಗ, ಅಂದರೆ 0 ಅಥವಾ 1 ಮಾತ್ರ ಹಿಡಿಸುವ 32 ಖಾನೆ, ಕೊಡುತ್ತಿದ್ದವು. ಪ್ಲಸ್ಸೋ ಮೈನಸ್ಸೋ ಎನ್ನಲು ಒಂದು ಬಿಟ್ ಹೋಗುತ್ತದೆ. ಉಳಿದ 31ರಲ್ಲೂ 1 ತುಂಬಿದರೆ ಬರುವುದು ಇದೇ ಸಂಖ್ಯೆ. ಅಲ್ಲಿಗೆ ಜಾಗ ಮುಗಿಯಿತು. 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಾ ಬಂದ ಅಂಥ ಗಡಿಯಾರಗಳು 2038ರ ಜನವರಿ 19ರಂದು, ನಮ್ಮಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಈ ಸಂಖ್ಯೆ ಮುಟ್ಟುತ್ತವೆ. ಅಷ್ಟರೊಳಗೆ ಬದಲಾಯಿಸದೆ ಬಿಟ್ಟ ಯಂತ್ರಗಳಿಗೆ ಮರುಸೆಕೆಂಡು 1901ರ ಡಿಸೆಂಬರ್.