ಕಲ್ಚರ್ ಶಾಕ್: ಕತ್ತಲೆಗೆ ಕಟ್ಟಿದ ತಪ್ಪು ಹೆಸರು

‘ಹೆಲ್ಸಿಂಕಿಯಲ್ಲಿ ಮಧ್ಯಾಹ್ನ ಮೂರೂಕಾಲಿಗೇ ಕತ್ತಲು! ಎಂಥ ಕಲ್ಚರ್ ಶಾಕ್!’ ಎಂಬ ತಲೆಬರಹದ ವಿಡಿಯೊ ಮೊನ್ನೆ ನಮ್ಮ ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಪರನಾಡಿನ ಒಡನಾಟದ ಸುಳಿವು ಸಿಗದೆ ತಿಂಗಳುಗಟ್ಟಲೆ ಕಾಡುವ ದಣಿವಿಗೆ ಇರುವ ಹೆಸರು ಅದು. ಈ ಪದದ ದುರ್ಬಳಕೆಯನ್ನು ಬಹಳ ಕಾಲ ಸಹಿಸಿಕೊಂಡಿದ್ದೇನೆ. ಹಾಸನದಿಂದ ಬೆಂಗಳೂರಿಗೆ ಬಂದವರಿಗೆ ಮನೆ ಮಾಲೀಕರು ಹತ್ತು ತಿಂಗಳ ಮುಂಗಡ ಕೇಳಿದರೆ ಕಲ್ಚರ್ ಶಾಕ್, ಮಾಲ್‌ನಲ್ಲಿ ದೋಸೆಯ ಬೆಲೆ ನೋಡಿದರೆ ಕಲ್ಚರ್ ಶಾಕ್, ಸಿಲ್ಕ್ ಬೋರ್ಡ್ ಬಳಿ ಮುಕ್ಕಾಲು ಗಂಟೆ ನಿಂತರೆ ಅದೂ ಕಲ್ಚರ್ ಶಾಕ್. ಬೆರಗು, ರೇಗು, ಹೊಟ್ಟೆಯುರಿ ಎಂಬ ಒಳ್ಳೆಯ ಪದಗಳು ಕೆಲಸವಿಲ್ಲದೆ ಕುಳಿತಿವೆ. ಆದರೂ ಇವುಗಳಲ್ಲೆಲ್ಲ ಕನಿಷ್ಠ ಮನುಷ್ಯರ ಪಾತ್ರವಾದರೂ ಇತ್ತು. ಡಿಸೆಂಬರಿನಲ್ಲಿ ಹೆಲ್ಸಿಂಕಿಯ ಸೂರ್ಯ ಬೇಗ ಮುಳುಗುವುದರಲ್ಲಿ ಫಿನ್ಲೆಂಡಿನವರ ಕೈವಾಡ ಏನೂ ಇಲ್ಲ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿದೆ, ಅಷ್ಟೆ.

ಗೊಂದಲದ ಬೇರು ‘ಶಾಕ್’ ಎಂಬಲ್ಲೇ ಇದೆ. ನಮ್ಮ ಕಿವಿಗೆ ಶಾಕ್ ಎಂದರೆ ಮೊದಲು ಕರೆಂಟು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಂದಿನಿಂದ ಮನೆಮನೆಗೂ ತಂತಿ ಬಂದಂತೆ ಈ ಪದವೂ ಬಂತು, ‘ಹೊಡೆಯುವುದು’ ಎಂಬ ಕ್ರಿಯಾಪದವನ್ನು ಜೊತೆಗೇ ಕಟ್ಟಿಕೊಂಡಿತು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದಿರಿ, ಶಾಕ್ ಹೊಡೆಯಿತು, ಕೈ ಕೊಡವಿದಿರಿ, ಮುಗಿಯಿತು. ಕ್ಷಣದ ಮಾತು. ಪಠ್ಯಪುಸ್ತಕದವರು ‘ಸಾಂಸ್ಕೃತಿಕ ಆಘಾತ’ ಎಂದು ಅನುವಾದಿಸಿದ್ದರಿಂದಲೂ ಉಪಕಾರವಾಗಲಿಲ್ಲ. ಆಘಾತದಲ್ಲಿರುವುದೂ ಹೊಡೆತವೇ, ಸಂಸ್ಕೃತದ ‘ಹನ್’ ಧಾತುವಿನ ಮಗು.

ಇಂಗ್ಲಿಷಿನಲ್ಲಿ ಈ ಪದ ನಡೆದು ಬಂದ ದಾರಿ ಬೇರೆ. ಹದಿನಾರನೆಯ ಶತಮಾನದಲ್ಲಿ ಫ್ರೆಂಚಿನಿಂದ ಬಂದಾಗ ಅದಕ್ಕೆ ಎರಡು ಸೇನೆಗಳು ರಣದಲ್ಲಿ ಡಿಕ್ಕಿ ಹೊಡೆಯುವುದು ಎಂಬ ಅರ್ಥವಿತ್ತು. ಹದಿನೆಂಟನೆಯ ಶತಮಾನದಲ್ಲಿ ವೈದ್ಯರು ಅದನ್ನು ಎತ್ತಿಕೊಂಡರು. ಗಾಯಾಳು ಮೊದಲಿಗೆ ಚೆನ್ನಾಗಿಯೇ ಮಾತನಾಡುತ್ತಿರುತ್ತಾನೆ, ಆಮೇಲೆ ನಾಡಿ ಕ್ಷೀಣಿಸುತ್ತದೆ, ಮೈ ತಣ್ಣಗಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ವೈದ್ಯರ ಶಾಕ್ ಎಂದರೆ ಹೊಡೆತದ ನಂತರದ ಈ ಕುಸಿತ. ಮೊದಲ ಮಹಾಯುದ್ಧದ ಸೈನಿಕರ ಮನಸ್ಸು ಒಡೆದದ್ದನ್ನು 1915ರ ವೇಳೆಗೆ ‘ಶೆಲ್ ಶಾಕ್’ ಎಂದರು. ಕಲ್ಚರ್ ಶಾಕ್ ಹುಟ್ಟಿದ್ದು ಈ ಆಸ್ಪತ್ರೆಯ ವಂಶದಲ್ಲಿ, ಕರೆಂಟಿನ ಕಂಬದಲ್ಲಲ್ಲ. ಆದ್ದರಿಂದ ‘ಜರ್ಮನಿಯಲ್ಲಿ ನನಗಾದ ಹತ್ತು ಕಲ್ಚರ್ ಶಾಕ್‌ಗಳು’ ಎಂದು ಬಹುವಚನದಲ್ಲಿ ಎಣಿಸುವುದು, ಟೈಫಾಯಿಡ್ ಆಗಿ ಮಲಗಿದವನು ತನಗೆ ಹತ್ತು ಜ್ವರಗಳು ಬಂದವೆಂದು ಹೇಳಿದಂತೆ. ಅದು ಒಂದೇ ಇರುತ್ತದೆ, ಬಂದರೆ ತಿಂಗಳುಗಟ್ಟಲೆ ಇರುತ್ತದೆ.

ಪದವನ್ನು ಜನಪ್ರಿಯಗೊಳಿಸಿದವರು ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್. 1951ರಲ್ಲೇ ಇನ್ನೊಬ್ಬ ಮಾನವಶಾಸ್ತ್ರಜ್ಞೆ ಕೋರಾ ಡು ಬೋಯ್ಸ್ ಅದನ್ನು ಬಳಸಿದ್ದರು. ಓಬರ್ಗ್ 1954ರಲ್ಲಿ ರಿಯೊ ಡಿ ಜನೈರೊದ ಮಹಿಳಾ ಸಂಘವೊಂದರಲ್ಲಿ ಇದರ ಬಗ್ಗೆ ಭಾಷಣ ಮಾಡಿದರು, 1960ರಲ್ಲಿ ಅದು ಲೇಖನವಾಗಿ ಅಚ್ಚಾಯಿತು. ಪರದೇಶಕ್ಕೆ ಥಟ್ಟನೆ ಕಿತ್ತು ನೆಡಲ್ಪಟ್ಟವರಿಗೆ ಬರುವ ವೃತ್ತಿರೋಗ ಇದು ಎಂದು ಅವರು ಕರೆದರು. ಕಾರಣವೆಂದು ಕೊಟ್ಟದ್ದು ವಿಚಿತ್ರ ಆಹಾರವನ್ನಲ್ಲ, ವಿಚಿತ್ರ ಜನರನ್ನಲ್ಲ. ದಿನನಿತ್ಯದ ಒಡನಾಟದಲ್ಲಿ ನಮಗೆ ಗೊತ್ತಿಲ್ಲದೆಯೇ ನಾವು ಓದುತ್ತಿರುವ ನೂರಾರು ಸುಳಿವುಗಳು ಕಳೆದುಹೋಗುತ್ತವೆ ಎಂಬುದು ಅವರ ವಾದ. ಯಾವಾಗ ಕೈ ಕುಲುಕಬೇಕು, ಯಾವ ಆಹ್ವಾನವನ್ನು ಒಪ್ಪಬೇಕು, ಯಾರ ಯಾವ ಮಾತನ್ನು ನಿಜವೆಂದು ತೆಗೆದುಕೊಳ್ಳಬೇಕು, ಇಂಥವು. ಬಸವನಗುಡಿಯ ಮನೆಯಲ್ಲಿ ‘ಕಾಫಿ ಬೇಡ’ ಎಂದರೆ ಅರ್ಧ ಲೋಟವಾದರೂ ಬಂದೇ ಬರುತ್ತದೆ, ‘ಬೇಡ’ ಎಂದವರಿಗೂ ಅದು ಗೊತ್ತಿರುತ್ತದೆ. ಅದೇ ‘ಬೇಡ’ವನ್ನು ಹ್ಯಾಂಬರ್ಗಿನಲ್ಲಿ ಹೇಳಿದವನು ಕಾಫಿಯಿಲ್ಲದೆ ಮನೆಗೆ ಮರಳುತ್ತಾನೆ. ಇದೊಂದೇ ಸಲವಾದರೆ ನಗಬಹುದು. ದಿನಕ್ಕೆ ಮೂವತ್ತು ಸಲ, ಬಸ್ಸಿನಲ್ಲಿ, ಕಚೇರಿಯಲ್ಲಿ, ಲಿಫ್ಟಿನಲ್ಲಿ ಹೀಗಾದರೆ ಮನುಷ್ಯ ದಣಿಯುತ್ತಾನೆ. ನೀರು ಶುದ್ಧವೇ ಎಂಬ ಅತಿ ಚಿಂತೆ, ಸಣ್ಣ ವಿಳಂಬಕ್ಕೂ ಸಿಡುಕು, ಶೂನ್ಯದತ್ತ ನೋಟ, ತನ್ನ ನಾಡಿನವರಿಗೇ ಅಂಟಿಕೊಳ್ಳುವುದು ಇವೆಲ್ಲ ಓಬರ್ಗ್ ಕೊಟ್ಟ ಲಕ್ಷಣಗಳು. ತವರಿನ ಒಂದು ಒಳ್ಳೆಯ ಕಾಫಿಗಾಗಿ ಹಾತೊರೆಯುವುದನ್ನೂ ಅವರು ಬರೆದಿದ್ದಾರೆ. ಅವರಿಗೆ ಅದರ ಜೊತೆ ಸೇಬಿನ ಪೈ ಬೇಕಿತ್ತು, ನಮಗೆ ಖಾರಾ ಬೂಂದಿ.

ಅಂದ ಹಾಗೆ, ಓಬರ್ಗ್ ಅವರ ತಂದೆತಾಯಿ ಫಿನ್ಲೆಂಡಿನಿಂದ ಕೆನಡಾಕ್ಕೆ ವಲಸೆ ಹೋದವರು. ಮಧ್ಯಾಹ್ನ ಮೂರರ ಕತ್ತಲು ಆ ಮನೆಯವರಿಗೆ ಹೊಸದಾಗಿರಲಾರದು.

ಇನ್ನು ಸೂರ್ಯನ ಲೆಕ್ಕ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಮ್ಮ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಹೀಗಾಗಿ ಹಗಲಿನ ಉದ್ದ ಬದಲಾಗುವ ವಸ್ತು ಎಂಬುದೇ ನಮ್ಮ ಅನುಭವದಲ್ಲಿಲ್ಲ. 60 ಡಿಗ್ರಿಯಲ್ಲಿರುವ ಹೆಲ್ಸಿಂಕಿಯಲ್ಲಿ ಜೂನ್‌ನ ಹಗಲು ಹತ್ತೊಂಬತ್ತು ಗಂಟೆಯ ಹತ್ತಿರ, ಡಿಸೆಂಬರಿನದು ಆರು ಗಂಟೆಗೂ ಕಡಿಮೆ. ಲಂಡನ್ನಿನ ಡಿಸೆಂಬರಿಗೆ ಎಂಟು ಗಂಟೆಯೂ ತುಂಬುವುದಿಲ್ಲ, ಟೊರಾಂಟೊದ್ದಕ್ಕೆ ಒಂಬತ್ತು ತುಂಬುವುದಿಲ್ಲ. ಬದಲಾವಣೆಯ ವೇಗವೂ ಹಾಗೆಯೇ. ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು ದಿನಕ್ಕೆ ಒಂದು ನಿಮಿಷವೂ ಕುಗ್ಗುವುದಿಲ್ಲ, ಹೆಲ್ಸಿಂಕಿಯಲ್ಲಿ ಐದು ನಿಮಿಷಕ್ಕೂ ಹೆಚ್ಚು. ಅದರ ಮೇಲೆ ಅಕ್ಟೋಬರಿನ ಕೊನೆಯ ಭಾನುವಾರ ಯುರೋಪಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಸಂಜೆ ಒಮ್ಮೆಲೇ ಕಾಣೆಯಾಗುತ್ತದೆ. ಚಳಿಯ ವಿಷಯ ಹೇಳುವುದೇ ಬೇಡ. ಬೆಂಗಳೂರಿನ ಅತಿ ಕಡಿಮೆ ತಾಪಮಾನದ ದಾಖಲೆ 7.8 ಡಿಗ್ರಿ, ಅದೂ 1884ರ ಜನವರಿಯದು. ಹದಿನೈದಕ್ಕೇ ಮಂಕಿ ಟೋಪಿ ಹುಡುಕುವವರು ನಾವು.

ಕತ್ತಲೆಯ ಬಾಧೆ, ಕಲ್ಚರ್ ಶಾಕ್ ಎರಡನ್ನೂ ಜನ ಒಂದೇ ಎಂದುಕೊಳ್ಳಲು ಒಂದು ಕಾರಣವಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ನಮ್ಮ ಮಕ್ಕಳು ಓದಲು ಹೊರಡುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ. ಓಬರ್ಗ್ ಹೇಳಿದ ಮೊದಲ ಘಟ್ಟ ಹನಿಮೂನು, ಎಲ್ಲವೂ ಚೆಂದ, ಎಲ್ಲದರ ಮುಂದೆಯೂ ಒಂದು ಸೆಲ್ಫಿ. ಅದು ಕೆಲವು ವಾರ ಅಥವಾ ಕೆಲವು ತಿಂಗಳಲ್ಲಿ ಮುಗಿದು ಎರಡನೆಯ ಘಟ್ಟವಾದ ಬಿಕ್ಕಟ್ಟು ಶುರುವಾಗುತ್ತದೆ. ಕ್ಯಾಲೆಂಡರ್ ನೋಡಿದರೆ ನವೆಂಬರ್. ಹಗಲು ಕುಸಿಯುವುದೂ ಆಗಲೇ, ಮೊದಲ ಸೆಮಿಸ್ಟರಿನ ಪರೀಕ್ಷೆ ಹತ್ತಿರವಾಗುವುದೂ ಆಗಲೇ, ಇತ್ತ ದೀಪಾವಳಿಯ ಫೋಟೊಗಳು ಬರುವುದೂ ಆಗಲೇ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಕಲ್ಚರ್ ಶಾಕ್ ಎಂದು ಕಟ್ಟಿಬಿಡುತ್ತಾರೆ. ಫೆಬ್ರುವರಿಯಲ್ಲಿ ಮೆಲ್ಬರ್ನಿಗೆ ಹೋದ ಹುಡುಗಿಗೂ ಸುಳಿವುಗಳು ಕಳೆದುಹೋಗುತ್ತವೆ. ಆದರೆ ಅವಳು ಇಳಿಯುವಾಗ ಅಲ್ಲಿ ಬೇಸಿಗೆ, ಕತ್ತಲೆಯ ದೂರು ಅವಳ ಮೊದಲ ತಿಂಗಳುಗಳಲ್ಲಿ ಕೇಳುವುದೇ ಇಲ್ಲ.

ಕತ್ತಲೆಯ ಬಾಧೆಗೆ ಅದರದೇ ಹೆಸರಿದೆ. 1984ರಲ್ಲಿ ಮನೋವೈದ್ಯ ನಾರ್ಮನ್ ರೊಸೆಂತಾಲ್ ಮತ್ತು ಸಂಗಡಿಗರು ಅದನ್ನು ‘ಸೀಸನಲ್ ಅಫೆಕ್ಟಿವ್ ಡಿಸಾರ್ಡರ್’ ಎಂದು ವಿವರಿಸಿದರು. ಋತುಮಾನದ ಖಿನ್ನತೆ ಎನ್ನೋಣ. ರೊಸೆಂತಾಲ್ ಸ್ವತಃ ಜೋಹಾನ್ಸ್‌ಬರ್ಗಿನ ಬಿಸಿಲಿನಿಂದ ನ್ಯೂಯಾರ್ಕಿಗೆ ಬಂದವರು, ಚಳಿಗಾಲದಲ್ಲಿ ತಮ್ಮ ಉತ್ಸಾಹ ಇಳಿಯುವುದನ್ನು ಗಮನಿಸಿದವರು. ಎಷ್ಟು ಮಲಗಿದರೂ ಸಾಲದ ನಿದ್ದೆ, ಅನ್ನ–ಬ್ರೆಡ್ಡು–ಸಿಹಿಯ ಹಪಹಪಿ, ತೂಕ ಏರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಇದರ ಗುರುತು. ಕಣ್ಣಿನೊಳಗೆ ಬೀಳುವ ಬೆಳಕು ಮಿದುಳಿನ ಗಡಿಯಾರವನ್ನು ಹೊಂದಿಸುತ್ತದೆ, ಮೆಲಟೋನಿನ್ ಎಂಬ ಹಾರ್ಮೋನನ್ನು ತಡೆಯುತ್ತದೆ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಮನೆಯೊಳಗಿನ ದೀಪ ಎಷ್ಟು ಪ್ರಕಾಶವಾಗಿ ಕಂಡರೂ ಕೆಲವು ನೂರು ಲಕ್ಸ್ ಮಾತ್ರ, ಮೋಡ ಕವಿದ ಹಗಲಿನ ಬಯಲು ಕೂಡ ಅದರ ಹಲವು ಪಟ್ಟು, ನಡುಹಗಲ ಬಿಸಿಲು ಒಂದು ಲಕ್ಷದ ಹತ್ತಿರ. ಚಿಕಿತ್ಸೆಗೆ ಬಳಸುವ ದೀಪ 10,000 ಲಕ್ಸ್‌ನದು, ಬೆಳಗ್ಗೆ ಸುಮಾರು ಅರ್ಧ ಗಂಟೆ ಅದರ ಎದುರು ಕೂರಿಸುತ್ತಾರೆ. ಕಣ್ಣಿನ ಕಾಯಿಲೆ ಅಥವಾ ಬೈಪೋಲಾರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದಕ್ಕೆ ಕೈ ಹಾಕಬಾರದು. ವಿಟಮಿನ್ ಡಿ ಇನ್ನೊಂದು ಪ್ರತ್ಯೇಕ ಲೆಕ್ಕ. ಬ್ರಿಟನ್ನಿನ ಆರೋಗ್ಯ ಸೇವೆ ಚಳಿಗಾಲದಲ್ಲಿ ಎಲ್ಲರಿಗೂ ದಿನಕ್ಕೆ 10 ಮೈಕ್ರೊಗ್ರಾಮ್ ಸೂಚಿಸುತ್ತದೆ, ನಮ್ಮಂಥ ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಲಿ ಎನ್ನುತ್ತದೆ.

ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ, ನನ್ನ ತಕರಾರು ಇರುವುದು ಇಲ್ಲಿ. ಬೆಳಕಿಲ್ಲದೆ ಬಾಡಿದವನಿಗೆ ‘ಅಲ್ಲಿನವರ ಜೊತೆ ಬೆರೆಯಪ್ಪ, ಕನ್ನಡ ಸಂಘಕ್ಕೆ ಹೋಗು’ ಎಂದು ಬೆಂಗಳೂರಿನಿಂದ ಫೋನಿನಲ್ಲಿ ಉಪದೇಶ ಮಾಡುತ್ತಾರೆ. ಅವನಿಗೆ ಬೇಕಿರುವುದು ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ನಡೆಯುವುದು. ಮಾತಿನ ಸುಳಿವು ಸಿಗದೆ ಒಂಟಿಯಾದವಳಿಗೆ ‘ಬಿಸಿಲಿಲ್ಲವಲ್ಲ ಕಣಮ್ಮ, ವಿಟಮಿನ್ ಮಾತ್ರೆ ತಗೋ’ ಎನ್ನುತ್ತಾರೆ. ಅವಳ ಜೊತೆ ಯಾರಾದರೂ ಅಡುಗೆಮನೆಯಲ್ಲಿ ನಿಂತು ಹರಟಬೇಕಿತ್ತು. ಎರಡೂ ಒಬ್ಬರಿಗೇ ಬರಬಹುದು, ಬರುತ್ತವೆ ಕೂಡ. ಆಗ ಎರಡು ಮದ್ದು ಬೇಕು.

ಹಾಗಾದರೆ ಹಗಲಿಗೂ ಸಂಸ್ಕೃತಿಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ವಿಡಿಯೊ ಮಾಡುವವರು ಅದನ್ನು ತೋರಿಸುವುದಿಲ್ಲ. ‘ದೀಪ ಹಚ್ಚುವ ಹೊತ್ತು’ ಎಂಬುದು ನಮಗೆ ಗಡಿಯಾರದ ಸಮಯವಲ್ಲ, ಒಂದು ಕಟ್ಟಳೆ. ಆ ಹೊತ್ತಿಗೆ ಮಕ್ಕಳು ಮನೆ ಸೇರಬೇಕು, ಮಲಗಿರಬಾರದು, ಕಸ ಗುಡಿಸಬಾರದು, ಉಪ್ಪು–ಮೊಸರನ್ನು ಪಕ್ಕದ ಮನೆಗೆ ಕೊಡಬಾರದು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆ, ಜೂನ್‌ನಲ್ಲಿ ರಾತ್ರಿ ಹನ್ನೊಂದರ ಹತ್ತಿರ ಬರುವ ಮುಸ್ಸಂಜೆಗೆ ಈ ಯಾವ ಕಟ್ಟಳೆಯೂ ಕೂರುವುದಿಲ್ಲ. ಸೂರ್ಯ ಬೇಗ ಹೋದದ್ದು ಭೂಗೋಳ, ಆ ಹೊತ್ತಿಗೆ ಏನು ಮಾಡಬೇಕೆಂದು ತಿಳಿಯದೆ ನಿಂತದ್ದು ಓಬರ್ಗ್ ಹೇಳಿದ ಸಂಗತಿ. ಜೂನ್‌ನಲ್ಲಿ ಬಂದ ರಂಜಾನಿನಲ್ಲಿ ಸ್ಟಾಕ್‌ಹೋಮಿನ ಮುಸ್ಲಿಮರು ಇದನ್ನು ಇನ್ನೂ ಗಟ್ಟಿಯಾಗಿ ಎದುರಿಸಿದ್ದಾರೆ. ಉಪವಾಸವನ್ನು ಅಲ್ಲಿನ ಸೂರ್ಯನ ಪ್ರಕಾರ ಮಾಡಬೇಕೇ, ಮೆಕ್ಕಾದ ಸಮಯದ ಪ್ರಕಾರವೇ ಎಂದು ಧರ್ಮಪಂಡಿತರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ.

ಆ ನಾಡಿನವರು ಕತ್ತಲೆ–ಚಳಿಗಳೊಂದಿಗೆ ಮಾಡಿಕೊಂಡ ಒಪ್ಪಂದಗಳೂ ಸಂಸ್ಕೃತಿಯೇ. ಫಿನ್ಲೆಂಡಿನಲ್ಲಿ ಕತ್ತಲಲ್ಲಿ ನಡೆಯುವವರು ಬೆಳಕು ಪ್ರತಿಫಲಿಸುವ ಬಿಲ್ಲೆ ಧರಿಸುತ್ತಾರೆ, ಕೋಟಿನಿಂದ ಅದು ತೂಗಾಡುತ್ತಿರುತ್ತದೆ. ಸ್ವೀಡನ್ನಿನಲ್ಲಿ ಡಿಸೆಂಬರ್ 13ಕ್ಕೆ ಲೂಸಿಯಾ ಹಬ್ಬ, ತಲೆಯ ಮೇಲೆ ಮೇಣದ ಬತ್ತಿಗಳ ಕಿರೀಟ. ಹಳೆಯ ಜೂಲಿಯನ್ ಪಂಚಾಂಗದಲ್ಲಿ ಒಂದು ಕಾಲಕ್ಕೆ ಅದೇ ವರ್ಷದ ಅತಿ ದೀರ್ಘ ರಾತ್ರಿಯಾಗಿತ್ತು. ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ, ನಾವು ಎಳ್ಳು ಬೀರುವುದು ಜನವರಿ 14–15ಕ್ಕೆ. ಪಂಚಾಂಗ ಜಾರಿದರೂ ಹಬ್ಬ ಬಿಡದಿರುವುದರಲ್ಲಿ ಸ್ವೀಡನ್ನಿನವರಿಗೂ ನಮಗೂ ಭೇದವಿಲ್ಲ.

ನನ್ನ ಮೆಚ್ಚಿನ ಉದಾಹರಣೆ ತಳ್ಳುಗಾಡಿಯ ಕೂಸು. ನಾರ್ಡಿಕ್ ದೇಶಗಳಲ್ಲಿ ಕೂಸನ್ನು ಬೆಚ್ಚಗೆ ಸುತ್ತಿ, ಗಾಡಿಯಲ್ಲಿ ಮಲಗಿಸಿ, ಕೆಫೆಯ ಹೊರಗೆ ಚಳಿಯಲ್ಲಿ ಬಿಟ್ಟು ತಾಯಿ ಒಳಗೆ ಕಾಫಿ ಕುಡಿಯುತ್ತಾಳೆ. ತಣ್ಣನೆಯ ಗಾಳಿಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ನಮ್ಮಲ್ಲಿ ಬೆಂಗಳೂರಿನ ಮೇ ತಿಂಗಳಲ್ಲೂ ಕೂಸಿಗೆ ಕುಲಾವಿ, ಬಾಣಂತಿಯ ಕಿವಿಗೆ ಹತ್ತಿ, ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ. ಹೊರಗಿನ ಮೈನಸ್ ಐದು ಡಿಗ್ರಿ ಹವಾಮಾನ. ಹೊರಗಿರುವ ಕೂಸು ಸಂಸ್ಕೃತಿ. ಅದನ್ನು ಕಂಡು ‘ಅಯ್ಯೋ’ ಎಂದದ್ದು ಬೆರಗು. ಬಾಣಂತನಕ್ಕೆಂದು ಹೋದ ಬೆಂಗಳೂರಿನ ಅಜ್ಜಿಯೊಬ್ಬರು ಇಂಥ ಕಡೆ ಆರು ತಿಂಗಳಿದ್ದು, ಯಾವುದು ಸರಿ, ತಾನು ಮಗಳಿಗೆ ಏನು ಹೇಳಬಹುದು, ಏನು ಹೇಳಬಾರದು ಎಂದು ತೋಚದೆ ಮಾತು ಕಡಿಮೆ ಮಾಡಿದರೆ, ಅದು ಕಲ್ಚರ್ ಶಾಕ್.

ಮರಳಿ ಬಂದವರ ‘ರಿವರ್ಸ್ ಕಲ್ಚರ್ ಶಾಕ್’ ಎಂಬ ಆವೃತ್ತಿಗೂ ಇದೇ ಅಳತೆ. ಲಂಡನ್ನಿನ ಜೂನ್‌ನಲ್ಲಿ ರಾತ್ರಿ ಒಂಬತ್ತರ ಬಿಸಿಲಿಗೆ ಒಗ್ಗಿಹೋದವರು, ಬೆಂಗಳೂರಿನಲ್ಲಿ ಏಳಕ್ಕೇ ಕತ್ತಲಾಗುತ್ತದೆ, ವಾಕಿಂಗಿಗೆ ಹೊತ್ತೇ ಇಲ್ಲ ಎಂದು ಗೊಣಗುವುದು ಬರೀ ಅಕ್ಷಾಂಶದ ದೂರು. ಸೋದರತ್ತೆ ಫೋನು ಮಾಡದೆ ಬಾಗಿಲು ತಟ್ಟಿ, ‘ಏನಪ್ಪಾ, ಅಲ್ಲಿಗಿಂತ ಇಲ್ಲಿ ಸಂಬಳ ಕಡಿಮೆಯಂತೆ?’ ಎಂದು ಕೇಳಿದಾಗ ಆಗುವ ಮುಜುಗರಕ್ಕೆ ಬೇಕಾದರೆ ಆ ಹೆಸರು ಕೊಡಿ. ಅದೂ ತಿಂಗಳುಗಟ್ಟಲೆ ಹೋಗದಿದ್ದರೆ ಮಾತ್ರ.