ಫಾರಿನ್ ಕೀ ಪರೀಕ್ಷೆಗೆ ಎಷ್ಟು ಮೆಮೊರಿ ಬೇಕು?

ಬ್ಯಾಂಕಿನ ಡೇಟಾಬೇಸ್‌ನಲ್ಲಿ ಖಾತೆಗಳದ್ದೊಂದು ಟೇಬಲ್, ವಹಿವಾಟುಗಳದ್ದೊಂದು ಟೇಬಲ್ ಇದೆ ಎಂದುಕೊಳ್ಳಿ. ಇಲ್ಲದ ಖಾತೆಯ ಮೇಲೆ ವಹಿವಾಟು ದಾಖಲಾಗಬಾರದು. ಅದನ್ನು ಕಾಯುವುದೇ ಫಾರಿನ್ ಕೀ. 1970ರಲ್ಲಿ ಎಡ್ಗರ್ ಕಾಡ್ ಮಾಹಿತಿಯನ್ನು ಟೇಬಲ್‌ಗಳಾಗಿ ಜೋಡಿಸುವ ರಿಲೇಷನಲ್ ಮಾದರಿಯನ್ನು ಮಂಡಿಸಿದ ಪ್ರಬಂಧದಲ್ಲೇ ಇದರ ಪ್ರಸ್ತಾಪವಿದೆ.

ವಹಿವಾಟಿನ ಹೊಸ ಸಾಲು ಸೇರಿದಾಗ ಪೋಸ್ಟ್‌ಗ್ರೆಸ್‌ಕ್ಯುಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಎಂಬ ಡೇಟಾಬೇಸ್ ತಂತ್ರಾಂಶ ತನ್ನೊಳಗೇ ಒಂದು ಪುಟ್ಟ ಕ್ವೆರಿ ಓಡಿಸುತ್ತದೆ: ಈ ನಂಬರಿನ ಖಾತೆ ಇದೆಯೇ? ಹತ್ತು ಲಕ್ಷ ಖಾತೆಗಳಿದ್ದರೆ ಇಂಡೆಕ್ಸ್, ಅಂದರೆ ಸಾಲು ಎಲ್ಲಿದೆಯೆಂದು ಬೇಗ ಹುಡುಕಿಕೊಡುವ ಸೂಚಿ, ಸಾಮಾನ್ಯವಾಗಿ ಮೂರು ಹಂತದ್ದು. ಓದಬೇಕಾದ್ದು ಅದರ ಮೂರು ಪುಟ (ಡೇಟಾ ಇಡುವ ನಿಗದಿತ ಗಾತ್ರದ ತುಂಡು), ಕೊನೆಗೆ ಟೇಬಲ್‌ನ ಒಂದು ಪುಟ. ಪುಟಕ್ಕೆ 8 ಕೆಬಿಯಂತೆ ಒಟ್ಟು 32 ಕೆಬಿ. ಇವನ್ನು ಓದಬೇಕಾದರೆ ಮೆಮೊರಿಯಲ್ಲಿ ಎಲ್ಲರೂ ಹಂಚಿಕೊಳ್ಳುವ ಬಫರ್ ಜಾಗಕ್ಕೆ ತರಬೇಕು. ಯಾರೂ ಬದಲಿಸದಿದ್ದರೆ ಅದರ ಗಾತ್ರ 128 ಎಂಬಿ, ಅಂದರೆ 16,384 ಪುಟಗಳು.

ಓದುತ್ತಿರುವ ಪುಟವನ್ನು ಬೇರೆ ಯಾರೂ ಜಾಗ ಖಾಲಿ ಮಾಡಿಸಬಾರದಲ್ಲ, ಅದಕ್ಕೇ ಪಿನ್ ಹಾಕುತ್ತಾರೆ. ಓದಲು ಶುರು ಮಾಡಿದಾಗ ಪುಟದ ಎಣಿಕೆ ಒಂದು ಏರುತ್ತದೆ, ಮುಗಿದಾಗ ಒಂದು ಇಳಿಯುತ್ತದೆ. ಎಣಿಕೆ ಸೊನ್ನೆಯಾಗುವವರೆಗೆ ಆ ಪುಟ ಕದಲುವುದಿಲ್ಲ. ಇಂಡೆಕ್ಸ್‌ನಲ್ಲಿ ಒಂದು ಹಂತ ಕೆಳಗಿಳಿದ ಕೂಡಲೇ ಮೇಲಿನ ಪುಟದ ಪಿನ್ ಬಿಟ್ಟುಬಿಡುತ್ತಾರೆ. ಎಲ್ಲ ಪುಟಗಳಿಗೂ ಪಿನ್ ಬಿದ್ದರೆ ಹೊಸ ಪುಟಕ್ಕೆ ಜಾಗವೇ ಸಿಗದೆ ಕ್ವೆರಿ ಎರರ್ ಕೊಟ್ಟು ನಿಲ್ಲುತ್ತದೆ.

ಖಾತೆ ಇಲ್ಲವೆಂದಾದರೆ ಎರರ್ ಬರುತ್ತದೆ, ಪ್ರೋಗ್ರಾಂ ನಡುದಾರಿಯಿಂದಲೇ ಹೊರಬೀಳುತ್ತದೆ. ಆಗ ಹಾಕಿದ್ದ ಪಿನ್ ತೆಗೆಯುವವರು ಯಾರು? ಮದುವೆಗೆ ಪಾತ್ರೆ ಬಾಡಿಗೆಗೆ ಕೊಡುವವರು ಕೊಳಗ, ಸೌಟುಗಳನ್ನೆಲ್ಲ ಬರೆದುಕೊಂಡು, ಊಟ ಹೇಗೇ ನಡೆದಿರಲಿ, ಎಣಿಸಿಯೇ ವಾಪಸ್ ಪಡೆಯುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಆ ಪಟ್ಟಿ ಇಡುವುದು ರಿಸೋರ್ಸ್ ಓನರ್ ಎಂಬ ವ್ಯವಸ್ಥೆ. ಯಾವ ಪಿನ್ ಹಾಕುವ ಮುನ್ನವೂ ಅದರಲ್ಲಿ ಜಾಗ ಕಾದಿರಿಸಬೇಕು. ಎರರ್ ಬಂದರೆ ಪಟ್ಟಿಯಲ್ಲಿ ಉಳಿದ ಪಿನ್‌ಗಳೆಲ್ಲ ಸದ್ದಿಲ್ಲದೆ ಬಿಡುಗಡೆಯಾಗುತ್ತವೆ. ಎಲ್ಲ ಸರಿಯಾಗಿ ಮುಗಿದೂ ಪಿನ್ ಉಳಿದಿದ್ದರೆ ಅದು ಕೋಡ್‌ನ ತಪ್ಪು, ಹಾಗಾಗಿ ಲಾಗ್‌ನಲ್ಲಿ ಎಚ್ಚರಿಕೆ ಬೀಳುತ್ತದೆ. ಎರಡನ್ನೂ ಹೀಗೆ ಬೇರೆಬೇರೆಯಾಗಿ ನೋಡುವ ಜಾಣತನ ನನಗೆ ಬಹಳ ಮೆಚ್ಚುಗೆ.

ಓದುವ ಪರೀಕ್ಷೆಯೆಂದರೂ ಇಲ್ಲಿ ಬರೆಯುವ ಕೆಲಸವೂ ಇದೆ. ಪರೀಕ್ಷೆಯ ನಡುವೆ ಖಾತೆ ಅಳಿಸಿಹೋಗದಂತೆ ಅದರ ಸಾಲಿಗೆ ಹಗುರವಾದ ಲಾಕ್ ಹಾಕುತ್ತಾರೆ. ಲಾಕ್‌ನ ಗುರುತು ಸಾಲಿನ ತಲೆಭಾಗದಲ್ಲೇ ಬೀಳುವುದರಿಂದ ಪುಟವನ್ನು ಮತ್ತೆ ಡಿಸ್ಕ್‌ಗೆ ಬರೆಯಬೇಕಾಗುತ್ತದೆ. 2013ರ 9.3 ಆವೃತ್ತಿಗೆ ಮುಂಚೆ ಈ ಲಾಕ್ ಇನ್ನೂ ಬಿಗಿಯಾಗಿತ್ತು, ಖಾತೆಯ ಬಾಕಿ ಮೊತ್ತ ಬದಲಿಸುವವರೂ ಕಾಯಬೇಕಿತ್ತು.

ಒಂದೇ ಸಲ ಕೋಟಿ ಸಾಲು ತುಂಬಿಸುವಾಗ ಲೆಕ್ಕವೇ ಬೇರೆ. ಪ್ರತಿ ಸಾಲಿನ ಪರೀಕ್ಷೆಗೂ ಮೆಮೊರಿಯಲ್ಲಿ ಒಂದು ನಮೂದು ಸರದಿಯಲ್ಲಿ ನಿಲ್ಲುತ್ತದೆ. ಸರದಿ ಬೆಳೆದು ಮೆಮೊರಿ ಸಾಲದೆ ಕೆಲಸವೇ ನಿಂತುಹೋಗಬಹುದು ಎಂದು ಪೋಸ್ಟ್‌ಗ್ರೆಸ್ ಕೈಪಿಡಿಯೇ ಎಚ್ಚರಿಸುತ್ತದೆ. ಅಂಥ ಹೊತ್ತಿನಲ್ಲಿ ಫಾರಿನ್ ಕೀ ತೆಗೆದು, ಸಾಲು ತುಂಬಿಸಿ, ಮತ್ತೆ ಸೇರಿಸುವುದು ಒಳ್ಳೆಯದು. ಎಲ್ಲ ಸಾಲುಗಳೂ ಆಗ ಒಂದೇ ಕ್ವೆರಿಯಲ್ಲಿ ಪರೀಕ್ಷೆಯಾಗುತ್ತವೆ.

ನಿಧಾನವೆಂದು ಫಾರಿನ್ ಕೀಯನ್ನು ಶಾಶ್ವತವಾಗಿ ಕಿತ್ತುಹಾಕುವುದನ್ನು ಮಾತ್ರ ನಾನು ಒಪ್ಪಲಾರೆ. ಹೆಚ್ಚಿನ ಕಡೆ ನಿಧಾನಕ್ಕೆ ಕಾರಣ ವಹಿವಾಟಿನ ಟೇಬಲ್‌ನಲ್ಲಿ ಖಾತೆ ನಂಬರಿನ ಮೇಲೆ ಇಂಡೆಕ್ಸ್ ಇಲ್ಲದಿರುವುದು. ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಡೇಟಾ ಸಂಗ್ರಹಿಸುವ ಭಾಗವಾದ ಇನ್ನೋಡಿಬಿ ಅದನ್ನು ತಾನೇ ಕಟ್ಟಿಕೊಳ್ಳುತ್ತದೆ, ಪೋಸ್ಟ್‌ಗ್ರೆಸ್ ಕಟ್ಟುವುದಿಲ್ಲ. ಆಗ ಒಂದು ಖಾತೆ ಅಳಿಸಿದರೂ ಅದರ ವಹಿವಾಟು ಉಳಿದಿದೆಯೇ ಎಂದು ನೋಡಲು ಇಡೀ ಟೇಬಲ್ ಜಾಲಾಡಬೇಕಾಗಬಹುದು. ಆ ಇಂಡೆಕ್ಸ್ ಒಂದಿದ್ದರೆ ಅದೇ ಪ್ರಶ್ನೆಗೆ ನಾಲ್ಕೈದು ಪುಟಗಳಲ್ಲಿ ಉತ್ತರ ಸಿಗುತ್ತದೆ.