ವಿಮೋಚನೆ ಅಂದ್ರೆ ಅಡ ಇಟ್ಟಿದ್ದನ್ನ ಬಿಡಿಸ್ಕೊಳ್ಳೋದು – ಆದಿಕಾಂಡದಿಂದ ರೂತಳವರೆಗೆ

ಹಾಸನದಲ್ಲಿ ಭಾನುವಾರ ಸಂಜೆ ನಾವು ಸೇರೋ ಬೈಬಲ್ ಸ್ಟಡಿಗೆ ಹೊಸದಾಗಿ ಬರ್ತಿರೋ ತಮ್ಮ ತಂಗಿಯರಿಗೋಸ್ಕರ ಇದನ್ನ ಬರೀತಿದೀನಿ. ವಿಮೋಚನೆ ಅನ್ನೋ ಪದ ಪ್ರಾರ್ಥನೆಲಿ, ಹಾಡಲ್ಲಿ ಅಷ್ಟು ಸಲ ಬರುತ್ತೆ, ಆದ್ರೆ ಹಂಗಂದ್ರೇನು ಅಂತ ಯಾರೂ ನಿಂತು ಕೇಳಲ್ಲ. ನನಗೆ ಅದು ಅರ್ಥ ಆಗಿದ್ದು ಮನೆಲಿ. ಶುಂಠಿ ರೇಟು ಬಿದ್ದ ವರ್ಷ ಅಮ್ಮನ ಸರ ಗಿರವಿ ಅಂಗಡಿಗೆ ಹೋಯ್ತು, ಬಡ್ಡಿ ಏರ್ತಾನೇ ಇತ್ತು, ಕೊನೆಗೆ ಸೋದರಮಾವ ಬಂದು ಅಸಲೂ ಬಡ್ಡಿನೂ ಕಟ್ಟಿ ಬಿಡಿಸಿ ತಂದ್ರು. ಸಾಲ ನಮ್ದು, ದುಡ್ಡು ಅವರದ್ದು.

ಈಗ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 3ನೇ ಅಧ್ಯಾಯ ತೆಗೀರಿ. ದೇವರು ಬೇಡ ಅಂದ ಹಣ್ಣು ತಿಂದು ಪಾಪ ಆದ ತಕ್ಷಣ ಮೊದಲ ಗಂಡ ಹೆಂಡತಿ ಆದಾಮ ಹವ್ವ ಅಂಜೂರದ ಎಲೆ ಹೊಲ್ಕೊಂಡು ಮುಚ್ಕೊಂಡ್ರು, ಅವರ ಕೈಲಾಗಿದ್ದು ಅಷ್ಟೇ. 15ನೇ ವಚನದಲ್ಲಿ ದೇವರು ಸರ್ಪಕ್ಕೆ ಹೇಳ್ತಾನೆ, ಸ್ತ್ರೀಯ ಸಂತಾನ ನಿನ್ನ ತಲೆ ಜಜ್ಜುತ್ತೆ, ನೀನು ಅದರ ಹಿಮ್ಮಡಿ ಕಚ್ಚುತ್ತೀ ಅಂತ. ಗೆಲ್ಲೋನಿಗೂ ಗಾಯ ಆಗುತ್ತೆ, ಇದನ್ನ ಗಮನಿಸಿ. ಎರಡನೇ ಶತಮಾನದ ಬಿಷಪ್ ಐರೇನಿಯಸನೇ ಇದನ್ನ ಕ್ರಿಸ್ತನ ಬಗ್ಗೆ ಅಂತ ಓದಿದಾನೆ, ಆಮೇಲೆ ಕ್ರೈಸ್ತ ಸಭೆ ಇದನ್ನ ಮೊದಲ ಸುವಾರ್ತೆ ಅಂತ ಕರೀತು. 21ನೇ ವಚನದಲ್ಲಿ ದೇವರೇ ಅವರಿಗೆ ಚರ್ಮದ ಅಂಗಿ ತೊಡಿಸ್ತಾನೆ. ಪ್ರಾಣಿ ಸತ್ತಿತು ಅಂತ ಅಲ್ಲಿ ಬರೆದಿಲ್ಲ, ಬರೆದಿಲ್ಲದ್ದನ್ನ ಬರೆದಿದೆ ಅಂತ ಹೇಳ್ಬೇಡಿ, ಆದ್ರೆ ಚರ್ಮ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಸುಮ್ನೆ ಇರೋಕೆ ಬಿಡಲ್ಲ.

ಆದಿಕಾಂಡದ್ದೇ 22ನೇ ಅಧ್ಯಾಯದಲ್ಲಿ ಅಬ್ರಹಾಮ ದೇವರ ಮಾತಿನಂತೆ ಮಗ ಇಸಾಕನನ್ನ ಬಲಿ ಕೊಡೋಕೆ ಕರ್ಕೊಂಡು ಹೋಗ್ತಿರುವಾಗ ಇಸಾಕ ಕೇಳ್ತಾನೆ, ಅಪ್ಪಾ, ಕುರಿಮರಿ ಎಲ್ಲಿ? ದೇವರೇ ಒದಗಿಸ್ತಾನೆ ಮಗನೇ ಅಂತಾನೆ ಅಬ್ರಹಾಮ. ಆದ್ರೆ ಪೊದೇಲಿ ಕೊಂಬು ಸಿಕ್ಕಾಕೊಂಡಿದ್ದು ಟಗರು, ಕುರಿಮರಿ ಅಲ್ಲ! ಮಗನ ಬದಲಿಗೆ ಆ ದಿನಕ್ಕೆ ಟಗರು ಸಾಕಾಯ್ತು, ಆದ್ರೆ ಹುಡುಗನ ಪ್ರಶ್ನೆ ಹಂಗೇ ಉಳೀತು ಅಂತ ನನಗನ್ಸುತ್ತೆ, ಜನಕ್ಕೆ ದೀಕ್ಷಾಸ್ನಾನ ಮಾಡಿಸ್ತಿದ್ದ ಸ್ನಾನಿಕ ಯೋಹಾನ ಯೇಸು ಬರೋದನ್ನ ನೋಡಿ ಇಗೋ ದೇವರ ಕುರಿಮರಿ ಅನ್ನೋವರೆಗೂ. ನಡುವೆ ವಿಮೋಚನಕಾಂಡ 12ರ ಪಸ್ಕದ ಕುರಿಮರಿ ಇದೆ, ಇಸ್ರಾಯೇಲರು ಐಗುಪ್ತ ಬಿಡೋ ರಾತ್ರಿ ಅದರ ರಕ್ತ ಬಾಗಿಲ ನಿಲುವಿಗೆ ಹಚ್ಚಿದ್ರು, ಆ ಮನೆಯ ಚೊಚ್ಚಲ ಮಕ್ಕಳು ಉಳಿದ್ರು.

ಜಾಸ್ತಿ ಹೊತ್ತು ಕೂರ್ಬೇಕಾಗಿರೋದು ಯಾಜಕಕಾಂಡ 25ರಲ್ಲಿ. ಬಡತನ ಬಂದು ಒಬ್ಬ ಜಮೀನು ಮಾರಿದ್ರೆ, ಇಲ್ಲಾ ತನ್ನನ್ನೇ ಮಾರ್ಕೊಂಡ್ರೆ, ಹತ್ತಿರದ ಸಂಬಂಧಿಕ ಬೆಲೆ ಕೊಟ್ಟು ಬಿಡಿಸ್ಬೋದು. ಇಬ್ರಿಯ ಭಾಷೇಲಿ ಅವನಿಗೆ ಗೋಯೇಲ್ ಅಂತಾರೆ. ದುಡ್ಡಿದ್ರೆ ಸಾಲದು, ರಕ್ತಸಂಬಂಧ ಇರ್ಬೇಕು, ಬಿಡಿಸೋ ಮನಸ್ಸೂ ಇರ್ಬೇಕು. ರೂತಳು 4ರಲ್ಲಿ ವಿಧವೆ ರೂತಳ ಗಂಡನ ಮನೆ ಜಮೀನು ಬಿಡಿಸ್ಬೇಕಾದ ಹತ್ತಿರದವನು ನನ್ನ ಆಸ್ತಿ ಹಾಳಾಗುತ್ತೆ ಅಂತ ಹಿಂದೆ ಸರೀತಾನೆ, ಇನ್ನೊಬ್ಬ ಸಂಬಂಧಿಕ ಬೋವಜ ಊರಬಾಗಿಲಲ್ಲಿ ಹತ್ತು ಜನ ಹಿರಿಯರ ಮುಂದೆ ಕೂತು ವ್ಯವಹಾರ ಮುಗಿಸ್ತಾನೆ, ರೂತಳನ್ನೂ ಮದುವೆ ಆಗ್ತಾನೆ, ಅವರ ವಂಶದಲ್ಲೇ ರಾಜ ದಾವೀದ, ಮತ್ತಾಯ 1ರ ಯೇಸುವಿನ ವಂಶದ ಪಟ್ಟಿಲೂ ಬೋವಜನ ಹೆಸರಿದೆ.

ದೇವರು ಮನುಷ್ಯ ಯಾಕಾಗ್ಬೇಕಿತ್ತು, ಮೇಲಿಂದಾನೇ ಕ್ಷಮಿಸ್ಬೋದಿತ್ತಲ್ಲ ಅಂತ ಹೋದ ವಾರ ಒಬ್ಬ ತಮ್ಮ ಕೇಳಿದ. ಇಬ್ರಿಯರಿಗೆ ಬರೆದ ಪತ್ರ 2:14 ಓದು ತಮ್ಮಾ, ಮಕ್ಕಳು ರಕ್ತಮಾಂಸದವರು ಅಂತ ಯೇಸುವೂ ಅದರಲ್ಲೇ ಪಾಲು ತಗೊಂಡ. ನಮ್ಮನ್ನ ಬಿಡಿಸೋಕೆ ಮೊದಲು ನಮ್ಮ ನೆಂಟ ಆದ. ಮಾರ್ಕ 10:45ರಲ್ಲಿ ಪ್ರಾಣವನ್ನೇ ಈಡು, ಅಂದ್ರೆ ಬಿಡಿಸೋ ಬೆಲೆ, ಆಗಿ ಕೊಡೋಕೆ ಬಂದೆ ಅಂತಾನೆ. ಆ ಈಡು ಯಾರ ಕೈಗೆ ಹೋಯ್ತು ಅಂತ ಹಳೇ ಕಾಲದಿಂದ ವಾದ ಇದೆ, ಸೈತಾನನಿಗೆ ಅಂದವರೂ ಇದಾರೆ, ನಾನದನ್ನ ಒಪ್ಪಲ್ಲ, ಮಾರ್ಕನಲ್ಲಿ ಅದು ಹೇಳಿಲ್ಲ, ಕೊಟ್ಟಿದ್ದು ಯಾರು, ಯಾರಿಗೋಸ್ಕರ ಅಂತ ಮಾತ್ರ ಹೇಳಿದೆ.